ಹಿಡಿಯಬೇಕಾದ ಕೈ

ಶಿಡ್ಲಘಟ್ಟದ ಆ ರೇಷ್ಮೆ ಶೆಡ್ಡಿನ ಬಾಗಿಲಲ್ಲಿ ಗಂಗರಾಜು ಚಪ್ಪಲಿ ಬಿಟ್ಟ, ಮತ್ತೆ ಮೆಟ್ಟಿದ, ಮತ್ತೆ ಬಿಟ್ಟ. ಒಳಗೆ ತನುಜ ಗೂಡು ಬೇಯುವ ಬೇಸಿನ್ನಿನ ಮುಂದೆ ಕೂತಿದ್ದಳು. ಅವಳು ಸ್ಕೂಟಿಯಿಂದ ಬಿದ್ದು ಕುತ್ತಿಗೆಗೆ ಏಟು ಮಾಡಿಕೊಂಡ ಮೇಲೆ ಅವನು ಅವಳನ್ನು ನೋಡುತ್ತಿರುವುದು ಇದೇ ಮೊದಲು. ಅದಕ್ಕೂ ಮುಂಚೆ, ಚಿಕ್ಕಬಳ್ಳಾಪುರದ ಬಸ್‌ಸ್ಟ್ಯಾಂಡಿನಲ್ಲಿ, “ಮದುವೆ ಆಗ್ತೀಯಾ?” ಎಂದು ಕೇಳಿದ್ದ. ಉತ್ತರ ಇನ್ನೂ ಬಂದಿರಲಿಲ್ಲ.

“ಒಳಗೆ ಬಾರಪ್ಪ, ಚಪ್ಪಲಿ ಸವೀತದೆ,” ಎಂದರು ಅವಳ ಅಮ್ಮ ಮುನಿಗಂಗಮ್ಮ.

ತನುಜ ನಕ್ಕಳು. ನಗುತ್ತಲೇ ಎಡಗೈಯನ್ನು ಸುಡುನೀರಿಗಿಳಿಸಿ ಎಳೆ ಹುಡುಕತೊಡಗಿದಳು. ಎಳೆ ತೆಗೆಯುವವರೆಲ್ಲ ಬೆರಳನ್ನು ಮೊದಲು ಪಕ್ಕದ ತಣ್ಣೀರಿಗೆ ಅದ್ದುತ್ತಾರೆ. ಅವಳು ಮರೆತಿದ್ದಳು.

“ತಣ್ಣೀರು ಕಣಮ್ಮ, ತಣ್ಣೀರು!” ಮುನಿಗಂಗಮ್ಮ ಅವಳ ಕೈಯನ್ನು ಎಳೆದು ತಣ್ಣೀರಿನಲ್ಲಿ ಮುಳುಗಿಸಿ, ಮುಲಾಮು ತರಲು ಮನೆಯತ್ತ ಓಡಿದರು.

ಬೆರಳು ಕೆಂಪಾಗಿದ್ದವು. ಮುಖದಲ್ಲಿ ಮಾತ್ರ ನೋವಿರಲಿಲ್ಲ.

“ಬ್ರೌನ್-ಸೆಕಾರ್ ಸಿಂಡ್ರೋಮ್ ಅಂದ್ರು ಡಾಕ್ಟ್ರು,” ಎಂದಳು. “ಬೆನ್ನುಹುರಿಗೆ ಒಂದೇ ಮಗ್ಗುಲಲ್ಲಿ ಪೆಟ್ಟು. ಬಲಗಡೆ ಶಕ್ತಿ ಹೋಯ್ತು. ಎಡಗಡೆ ಬಿಸಿ, ನೋವು ಎರಡೂ ತಿಳಿಯಲ್ಲ. ತುಂಬಾ ಅಪರೂಪವಂತೆ. ನಾನು ಸ್ಪೆಷಲ್ ಕಣೋ.”

“ಮೊದ್ಲೂ ಸ್ಪೆಷಲ್ಲೇ.”

“ಡೈಲಾಗ್ ಬೇಡ. ಆ ಪ್ರಶ್ನೆ ವಾಪಸ್ ತಗೋ. ಅಡುಗೆಮನೆಗೆ ಬಿಟ್ರೆ ನಾನೇ ಬೆಂದೋಗ್ತೀನಿ.”

“ಅಡುಗೆ ನಾನು ಮಾಡ್ತೀನಿ.”

“ನಿನ್ನ ಮುದ್ದೆ ತಿಂದು ಇನ್ನೊಂದು ಕಾಯಿಲೆ ತಗೊಳ್ಳಲಾ?”

ಇಬ್ಬರೂ ನಕ್ಕರು. ಅವನು ಅವಳ ಪಕ್ಕ ಕೂತ. ಒದ್ದೆಯಾಗಿದ್ದ ಅವಳ ಎಡಗೈಯನ್ನು ಎರಡೂ ಕೈಯಲ್ಲಿ ಮೆಲ್ಲಗೆ ಹಿಡಿದು ಉತ್ತರಕ್ಕೆ ಕಾದ. ಅವಳು ಅದನ್ನು ಯಾರದೋ ಕೈ ಎಂಬಂತೆ ನೋಡಿದಳು.

ಅವನು ಎದ್ದ. “ಸರಿ. ಉತ್ತರ ಸಿಕ್ತು. ಬರ್ತೀನಿ.”

“ಕೂತ್ಕೋ. ತಪ್ಪು ಕೈ ಹಿಡ್ದಿದ್ದೀಯ. ನೀನು ಬೆಚ್ಚಗಿದ್ದೀಯೋ ಇಲ್ವೋ ಅದಕ್ಕೆ ಗೊತ್ತಾಗಲ್ಲ.”

ಎಡಗೈಯಿಂದ ಬಲಗೈಯನ್ನು ಮಡಿಲಿಂದ ಎತ್ತಿ, ನಿದ್ದೆಯಲ್ಲಿರುವ ಕೂಸಿನಂತೆ ಅವನ ಅಂಗೈಯಲ್ಲಿ ಮಲಗಿಸಿದಳು.

“ಇದಕ್ಕೆ ಗೊತ್ತಾಗುತ್ತೆ. ಆದ್ರೆ ಕಣ್ಣು ಮುಚ್ಚಿದ್ರೆ ಈ ಕೈ ಎಲ್ಲಿದೆ ಅಂತಾನೇ ನನಗೆ ತಿಳಿಯಲ್ಲ. ಅದಕ್ಕೇ ಯಾವಾಗ್ಲೂ ಇದರ ಮೇಲೊಂದು ಕಣ್ಣಿಟ್ಟಿರ್ತೀನಿ. ಭಯ.”

ಹಾಗೆಂದವಳು ಕಣ್ಣು ಮುಚ್ಚಿದಳು.

ಅವನು ಉಸಿರಾಡಲೂ ಹೆದರಿದ. “ಈಗ ಎಲ್ಲಿದೆ?”

“ಗೊತ್ತಿಲ್ಲ,” ಎಂದಳು. “ಎಲ್ಲೋ ಬೆಚ್ಚಗಿದೆ. ಅಲ್ಲೇ ಇರ್ಲಿ ಬಿಡು.”