ಅರ್ಧ ಚಿಪ್ಪು

ಹದಿನೇಳನೆಯ ಕೊಳವೆಯ ಮೊದಲ ತುಂಡನ್ನು ಉದ್ದಕ್ಕೆ ಸೀಳಿ ಮೇಜಿನ ಮೇಲೆ ಇಟ್ಟಾಗ ಅದರೊಳಗೆ ಏನೂ ಇರಲಿಲ್ಲ. ಏನೂ ಇರಲಿಲ್ಲ ಎಂದರೆ, ಮಣ್ಣಿತ್ತು. ಬೂದು ಬಣ್ಣದ, ಬೆಣ್ಣೆಯಷ್ಟು ನುಣುಪಾದ, ಒಂದು ಮೀಟರ್ ಉದ್ದದ ಕಡಲಡಿಯ ಮಣ್ಣು. ಸಾವಿರ ವರ್ಷ ಯಾವ ಗಲಾಟೆಯೂ ಇಲ್ಲದೆ ಪದರಪದರವಾಗಿ ಕೂತ ಮಣ್ಣು. ಕ್ಯಾಪ್ಟನ್ ಹೆಂಡತಿಗೆ ಬೇಕಾಗಿದ್ದದ್ದು ಗಲಾಟೆಯ ಗುರುತು.

"ಕಡಲಡಿ ಮಣ್ಣು ಕುಸಿದಿದ್ದಕ್ಕೆ ಇಲ್ಲಿ ಪುರಾವೆ ಇಲ್ಲ," ಎಂದು ವಿಚಾರಣಾಧಿಕಾರಿ ಕನ್ನಡಕ ತೆಗೆದರು. "ಕೇಬಲ್ ಕತ್ತರಿಸಿದ್ದು ಲಂಗರೇ ಅಂತಾಯ್ತು. ಸಂಜೆ ವರದಿ ಬರೆದು ಮುಗಿಸ್ತೀನಿ."

ನಡೆದದ್ದು ಮೂರು ವರ್ಷದ ಹಿಂದೆ. ನದಿ ಕಡಲು ಸೇರುವ ಜಾಗದಿಂದ ನೀರಿನಡಿಯಲ್ಲಿ ಒಂದು ಕಣಿವೆ ಶುರುವಾಗಿ ಆಳಕ್ಕೆ ಇಳಿಯುತ್ತದೆ. ಬಿರುಗಾಳಿಯ ದಿನ ಕ್ಯಾಪ್ಟನ್ ತಮ್ಮ ಹಡಗನ್ನು ಆ ಕಣಿವೆಯ ಅಂಚಿನಲ್ಲಿ ಲಂಗರು ಹಾಕಿ ನಿಲ್ಲಿಸಿದ್ದರು. ಅದೇ ಸಂಜೆ, ಕಣಿವೆಯನ್ನು ದಾಟಿ ದ್ವೀಪಕ್ಕೆ ಹೋಗುತ್ತಿದ್ದ ಫೋನ್ ಕೇಬಲ್ ತುಂಡಾಯಿತು. ಹನ್ನೊಂದು ದಿನ ದ್ವೀಪದಿಂದ ಒಂದು ಕರೆಯೂ ಬರಲಿಲ್ಲ. ಆ ಹನ್ನೊಂದು ದಿನಗಳಲ್ಲಿ ಒಬ್ಬ ಬಾಣಂತಿ, ಡಾಕ್ಟರಿಗೆ ಹೇಳಿ ಕಳಿಸಲು ದಾರಿಯಿಲ್ಲದೆ ತೀರಿಕೊಂಡಳು. ಲಂಗರು ಎಳೆದು ಕೇಬಲ್ ಹರಿಯಿತೆಂದು ಮೊದಲ ವಿಚಾರಣೆ ಹೇಳಿತು. ಕ್ಯಾಪ್ಟನ್ ಹಡಗು ಬಿಟ್ಟರು, ಆಮೇಲೆ ಊರಿನವರ ಜೊತೆ ಮಾತು ಬಿಟ್ಟರು, ಹೋದ ವರ್ಷ ಉಸಿರು ಬಿಟ್ಟರು.

ಅವರ ಹೆಂಡತಿಯ ತಮ್ಮ ನಮ್ಮ ಕಡಲ ಸಂಶೋಧನಾಲಯದಲ್ಲೇ ವಿಜ್ಞಾನಿ. ಕೇಬಲ್ ಹರಿದ ಎರಡು ತಿಂಗಳಿಗೆ ಕಣಿವೆಯ ತಳದಿಂದ ಈ ಕೊಳವೆ ತುಂಬಿಸಿ ತಂದವರು ಅವರೇ. ತಂದದ್ದು ತೆರೆಯದೆ ನಮ್ಮ ಉಗ್ರಾಣದಲ್ಲಿ ಉಳಿದಿತ್ತು. ಅಕ್ಕ ಅರ್ಜಿಯ ಮೇಲೆ ಅರ್ಜಿ ಹಾಕಿ ಇವತ್ತು ತೆರೆಸಿದ್ದರು.

ವಿಜ್ಞಾನಿ ಒಂದು ಚೀಟಿಯಲ್ಲಿ ಕೊಳವೆಯ ಚಿತ್ರ ಬರೆದು, ಪಕ್ಕದಲ್ಲಿ ಕೆಳಮುಖವಾಗಿ ಬಾಣ ಎಳೆದು, ಅಧಿಕಾರಿಗೆ ಪದರಗಳನ್ನು ವಿವರಿಸಿದರು. ಆಮೇಲೆ ಅಕ್ಕನ ಭುಜ ಮುಟ್ಟಿದರು. "ಸಾಕು ಅಕ್ಕ. ಇನ್ನಾದರೂ ಮನಸ್ಸಿಗೆ ಸಮಾಧಾನ ತಂದ್ಕೋ."

ಆಕೆ ನೇರವಾಗಿ ಅಜ್ಜನ ಹತ್ತಿರ ಬಂದರು. ಅಜ್ಜ ಎಂದರೆ ಮಣ್ಣಿನ ಉಗ್ರಾಣದ ಹಳೆಯ ಮೇಲ್ವಿಚಾರಕರು. ನಿವೃತ್ತಿಯಾಗಿ ಹತ್ತು ವರ್ಷವಾದರೂ ಉಗ್ರಾಣದ ಮೇಲಿನ ಕೋಣೆಯಲ್ಲೇ ವಾಸ. ಸಾವಿರಾರು ಕೊಳವೆಗಳಲ್ಲಿ ಯಾವುದು ಎಲ್ಲಿದೆ ಎಂದು ಬೇರೆ ಯಾರಿಗೂ ಗೊತ್ತಿಲ್ಲದ ಕಾರಣ ಅವರನ್ನು ಖಾಲಿ ಮಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಸಂಶೋಧನಾಲಯದಲ್ಲಿ ಏನು ಕಳೆದರೂ ಅವರೇ ಪತ್ತೆ ಹಚ್ಚುತ್ತಿದ್ದರು. ಅವರು ಹುಡುಕಿದ್ದನ್ನು ಬರೆದಿಡುವವಳು ನಾನು, ಉಗ್ರಾಣದ ದಾಖಲೆ ಗುಮಾಸ್ತೆ.

"ಕಳೆದುಹೋಗಿದ್ದೆಲ್ಲ ಹುಡುಕಿಕೊಡ್ತೀರಂತೆ," ಎಂದರು ಕ್ಯಾಪ್ಟನ್ ಹೆಂಡತಿ. "ನಮ್ಮನೆಯವರ ಹೆಸರು ಕಳೆದುಹೋಗಿದೆ."

"ನಾನು ಛತ್ರಿ ಹುಡುಕೋನು ತಾಯಿ," ಎಂದು ಅಜ್ಜ ಹೇಳಿದರು. ಸ್ವಲ್ಪ ಹೊತ್ತು ಮೇಜಿನ ಮೇಲಿನ ಮಣ್ಣನ್ನು ನೋಡಿದರು. "ವರದಿ ಸಂಜೆಗೆ ತಾನೇ? ಕೂತ್ಕೊಳ್ಳಿ."

ನನ್ನ ಕಡೆ ತಿರುಗಿ ಕೇಳಿದರು, "ಎರಡನೇ ತುಂಡು ತಾ ಮಗಳೇ. ಬಾಗಿಲಿಗೆ ಬೀಗ ಹಾಕಿದ್ಯಾ? ಮೂರು ಸಲ ಎಳೆದು ನೋಡಿದ್ಯಾ?"

ಅದು ಅವರ ನಿತ್ಯದ ತಮಾಷೆ. ನಾನು ಮೂರು ಸಲ ಎಳೆದು ನೋಡದೆ ಯಾವ ಬೀಗವನ್ನೂ ನಂಬುವುದಿಲ್ಲ.

ಹಡಗಿನಿಂದ ಬಂದ ಉದ್ದನೆಯ ಕೊಳವೆಯನ್ನು ನಮ್ಮ ಅಂಗಳದಲ್ಲೇ ಗರಗಸದಿಂದ ಮೀಟರಿಗೊಂದರಂತೆ ತುಂಡು ಮಾಡುತ್ತೇವೆ. ಎರಡನೇ ತುಂಡಿನ ಮೇಲ್ತುದಿಯ ಮುಚ್ಚಳವನ್ನು ಅಜ್ಜ ಬಿಚ್ಚಿದರು. ಕತ್ತರಿಸಿದ ಮಣ್ಣಿನಲ್ಲಿ ಹೆಬ್ಬೆರಳ ಉಗುರಿನಷ್ಟು ದೊಡ್ಡ ಬಿಳಿ ಚಿಪ್ಪೊಂದು ಹುದುಗಿತ್ತು. ಗರಗಸ ಅದನ್ನು ನೀಟಾಗಿ ಎರಡು ಮಾಡಿತ್ತು; ಇಲ್ಲಿ ಉಳಿದದ್ದು ಅರ್ಧ.

ಅಜ್ಜ ಮೊದಲ ತುಂಡಿನ ಕೆಳತುದಿಗೆ ಭೂತಗನ್ನಡಿ ಹಿಡಿದರು. ಬರೀ ಬೂದು ಮಣ್ಣು. ಬೆಳಿಗ್ಗೆ ನಾನು ಬಿಚ್ಚಿಟ್ಟಿದ್ದ ಮುಚ್ಚಳದ ಟೇಪನ್ನು ಎತ್ತಿ ನೋಡಿದರು. ಟೇಪಿನ ತುದಿ ಕಿವಿಯಂತೆ ಮಡಚಿತ್ತು.

"ಈ ತುಂಡಿನ ಮೇಲೆ ಬಾಣ ಯಾವ ಕಡೆ ಇದೆ?"

ನೋಡಿದೆ. "ಕೆಳಗೆ ಅಜ್ಜ."

ಬೆಳಿಗ್ಗೆ ನಂಬರನ್ನು ಮೂರು ಸಲ ಓದಿದ್ದೆ. ಬಾಣವನ್ನು ಒಂದು ಸಲವೂ ನೋಡಿರಲಿಲ್ಲ.

"ತೆರೆಯೋ ಆದೇಶ ಬಂದ ಮೇಲೆ ಉಗ್ರಾಣದ ಕೀಲಿ ಯಾರ್ಯಾರು ತಗೊಂಡ್ರು, ಪುಸ್ತಕ ಓದು."

"ಮಂಗಳವಾರ ಕೇಬಲ್ ಕಂಪನಿ ಎಂಜಿನಿಯರ್, ಕೊಳವೆ ನೋಡಕ್ಕೆ ಅಂತ. ನಾನು ಫೋನಿಗೆ ಹೋಗಿದ್ದೆ, ಅರ್ಧ ಗಂಟೆ ಒಬ್ಬರೇ ಇದ್ದರು." ಹಾಳೆ ತಿರುವಿದೆ. "ಗುರುವಾರ ವಿಜ್ಞಾನಿಗಳು. ತಮ್ಮ ಕೊಳವೆ ಅಳೆಯಕ್ಕೆ ಅಂತ ಕೀಲಿ ತಗೊಂಡ್ರು. ಮಿಕ್ಕ ದಿನ ನಾನು."

ನಾಲ್ಕು ಗಂಟೆಗೆ ಎಲ್ಲರೂ, ಕೇಬಲ್ ಕಂಪನಿಯ ಎಂಜಿನಿಯರ್ ಕೂಡ, ಅದೇ ಮೇಜಿನ ಸುತ್ತ ಸೇರಿದರು.

"ಈ ತುಂಡು ಹದಿನೇಳನೇ ಕೊಳವೇದಲ್ಲ," ಎಂದು ಅಜ್ಜ ಶುರುಮಾಡಿದರು. "ಒಂದೇ ಗರಗಸ, ಒಂದೇ ಚಿಪ್ಪು. ಎರಡನೇ ತುಂಡಲ್ಲಿ ಅರ್ಧ ಇದೆ. ಇನ್ನರ್ಧ ಮೊದಲನೇ ತುಂಡಿನ ತಳದಲ್ಲಿ ಇರಲೇಬೇಕು. ಇಲ್ಲ. ಯಾರೋ ಬೇರೆ ಕಡೆಯ ಗಲಾಟೆ ಇಲ್ಲದ ಮಣ್ಣು ತಂದು ಇಲ್ಲಿಟ್ಟಿದ್ದಾರೆ."

ಎಂಜಿನಿಯರ್ ಕುರ್ಚಿ ಹಿಂದಕ್ಕೆ ತಳ್ಳಿದರು. "ನನ್ನ ಕಡೆ ನೋಡ್ಬೇಡಿ. ನನಗೆ ನಿಮ್ಮ ಕೊಳವೆಗೂ ನಮ್ಮನೆ ನಲ್ಲಿ ಪೈಪಿಗೂ ವ್ಯತ್ಯಾಸ ಗೊತ್ತಿಲ್ಲ."

"ಅದಕ್ಕೇ ನೀವಲ್ಲ. ಮಣ್ಣು ಕೆಡದ ಹಾಗೆ ಉಗ್ರಾಣ ತಣ್ಣಗಿಡ್ತೀವಿ, ಆ ಚಳಿಗೆ ಬೆರಳು ಮರಗಟ್ಟತ್ತೆ, ಟೇಪಿನ ತುದಿ ಸಿಗಲ್ಲ. ಅದಕ್ಕೆ ಇಲ್ಲಿಯವರು ತುದಿಗೆ ಕಿವಿ ಮಡಚ್ತಾರೆ. ಹೊರಗಿನವರು ಮಡಚಲ್ಲ. ಹಾಗಾಗಿ ಪುಸ್ತಕದಲ್ಲಿ ಉಳಿದವರು ಇಬ್ಬರು. ಈ ಮಗಳು ಬಾಣ ಎಳೆದರೆ ಅದು ಕಡಲ ಮೇಲ್ಮೈ ಕಡೆಗೆ, ಮೇಲಕ್ಕೆ. ಹಡಗಲ್ಲಿ ಕೆಲಸ ಕಲಿತವರು ಆಳದ ಕಡೆಗೆ ಎಳೀತಾರೆ. ತುಂಡಿನ ಮೇಲೆ ಅಂಕಿಗಳೆಲ್ಲ ಇವಳ ಅಕ್ಷರದ ನಕಲು. ಬಾಣ ಮಾತ್ರ ಅಭ್ಯಾಸದ ಕೈ ಎಳೆದದ್ದು."

ಬೆಳಗಿನ ಚೀಟಿಯನ್ನು ಅವರು ಮೇಜಿನ ಮೇಲೆ ಇಟ್ಟರು.

ವಿಜ್ಞಾನಿ ಅದನ್ನು ನೋಡಲಿಲ್ಲ. ಅಕ್ಕನನ್ನೂ ನೋಡಲಿಲ್ಲ.

"ನೀನು ಎಸೆದಿರಲ್ಲ," ಎಂದರು ಅಜ್ಜ, ಬೈಯುವ ದನಿಯಲ್ಲಲ್ಲ. "ಮಣ್ಣು ಎಸೆಯೋ ಕೈ ಅಲ್ಲ ನಿಂದು. ಎಲ್ಲಿಟ್ಟಿದ್ದೀಯ?"

"ನಲವತ್ತನೇ ಗೂಡು. ಹಿಂದುಗಡೆ."

"ಒಣಗದ ಹಾಗೆ ಒದ್ದೆ ಸ್ಪಂಜು ಇಟ್ಟಿದ್ದೀಯ?"

"ಇಟ್ಟಿದ್ದೀನಿ ಅಜ್ಜ."

ನಾನೇ ಹೋಗಿ ತಂದೆ. ಸೀಳಿದಾಗ ಯಾರಿಗೂ ವಿವರಣೆ ಬೇಕಾಗಲಿಲ್ಲ. ಎರಡು ಅಡಿಗೂ ಹೆಚ್ಚು ಮರಳು. ತಳದಲ್ಲಿ ದಪ್ಪ, ಮೇಲೆ ಹೋದಂತೆ ಸಣ್ಣ, ನಡುವೆ ನದಿಯ ಎಲೆಚೂರು, ಕಡ್ಡಿ. ನುಗ್ಗಿ ಬಂದ ನೀರು ನಿಧಾನವಾಗುತ್ತ ಮೊದಲು ಭಾರದ್ದನ್ನೂ ಆಮೇಲೆ ಹಗುರವಾದದ್ದನ್ನೂ ಕೆಳಗಿಳಿಸಿತ್ತು. ಶಾಂತವಾದ ಕಡಲಡಿಯ ಮೇಲ್ಮಣ್ಣಿಗೆ ವರ್ಷಗಳಲ್ಲಿ ತುಕ್ಕಿನ ಬಣ್ಣದ ಪೊರೆ ಬೆಳೆಯುತ್ತದೆ. ಇಲ್ಲಿ ಅದು ಕಾಗದದಷ್ಟೂ ಇರಲಿಲ್ಲ. ಅಂದರೆ ಕೊಳವೆ ಇಳಿಸುವ ಸ್ವಲ್ಪವೇ ಮೊದಲು ಈ ಮರಳು ಬಂದಿತ್ತು.

"ಈ ಜಾಗ ಲಂಗರು ಬಿದ್ದ ಕಡೆಯಿಂದ ಎಷ್ಟು ದೂರ?" ಅಧಿಕಾರಿ ಕೇಳಿದರು.

"ಒಂದು ಮೈಲಿ ಮೇಲೆ, ನದಿ ಕಡೆಗೆ," ಎಂದರು ಅಜ್ಜ. "ಕುಸಿತ ಶುರುವಾಗಿದ್ದು ಹಡಗಿಗಿಂತ ಮೇಲ್ಗಡೆ. ಅದು ಕಣಿವೆಯಲ್ಲಿ ಇಳಿದು ಹೋಗ್ತಾ ಕೇಬಲ್ಲನ್ನ ದಾರದ ಹಾಗೆ ಹರೀತು. ಲಂಗರು ಸುಮ್ಮನೆ ಅಂಚಿನಲ್ಲಿ ಕೂತಿತ್ತು."

ಅವರು ಎರಡು ತುಂಡುಗಳನ್ನು ಒಂದಕ್ಕೊಂದು ತಾಗಿಸಿದರು. ಚಿಪ್ಪು ಪೂರ್ತಿಯಾಯಿತು.

"ಆ ಕಣಿವೆಯಲ್ಲಿ ಮಣ್ಣು ಅಲ್ಲಾಡಲ್ಲ ಅಂತ ನಾನೇ ಬರೆದುಕೊಟ್ಟಿದ್ದೆ," ಎಂದರು ವಿಜ್ಞಾನಿ. "ಅದನ್ನ ನಂಬಿ ಅಲ್ಲಿ ಕೇಬಲ್ ಹಾಕಿದ್ರು. ಕೊಳವೆ ಮೇಲೆ ಬಂದಾಗ ಮುಚ್ಚಳದ ಸಂದಿಯಲ್ಲಿ ಮರಳು ಕಂಡಿತು. ತೆರೆಯಕ್ಕೆ ಧೈರ್ಯ ಬರಲಿಲ್ಲ. ಆ ಬಾಣಂತಿ..."

ಕ್ಯಾಪ್ಟನ್ ಹೆಂಡತಿ ತಮ್ಮನ ಕಡೆ ತಿರುಗಿದರು. "ನಮ್ಮನೆಯವರು ನಿನ್ನ ಕೇಳಿದ್ರಾ?"

"ಏನು ಅಕ್ಕ?"

"ಯಾವತ್ತಾದರೂ ನಿನ್ನ ಕೇಳಿದ್ರಾ ಅಂದೆ."

ಅವರ ತಮ್ಮ ಚಿಪ್ಪನ್ನೇ ನೋಡುತ್ತ ಹೇಳಿದರು. "ಹಾಸಿಗೆ ಹಿಡಿದ ಮೇಲೆ, ಒಂದಿನ. ನೀನು ಅಡುಗೆಮನೇಲಿದ್ದೆ. 'ನೀನು ಓದಿದೋನು, ಹೇಳಪ್ಪ, ನನ್ನ ಲಂಗರೇನಾ?' ಅಂದ್ರು."

"ನೀನೇನಂದೆ?"

"'ಇರಬಹುದು ಭಾವ' ಅಂದೆ."

ಅಧಿಕಾರಿ ಬರೆಯುವುದನ್ನು ನಿಲ್ಲಿಸಿದರು. ಆಕೆ ಅಳಲಿಲ್ಲ. ಮೇಜಿನ ಮೇಲಿನ ಮರಳಿನ ಹತ್ತಿರ ಕೈ ಚಾಚಿ, ಮುಟ್ಟದೆ ಹಿಂದಕ್ಕೆ ತೆಗೆದುಕೊಂಡರು.

"ಅವತ್ತಿಂದ ಅವರು ತೀರಿಕೊಂಡ ಆ ಹುಡುಗಿ ಗಂಡನಿಗೆ ಪ್ರತಿ ತಿಂಗಳು ಕಾಗದ ಬರೀತಿದ್ರು. ಕ್ಷಮಿಸು ಅಂತ. ಕೈ ನಡುಗ್ತಿತ್ತು, ವಿಳಾಸ ನನ್ನ ಹತ್ರ ಬರೆಸೋರು. ಒಂದಕ್ಕೂ ಉತ್ತರ ಬರಲಿಲ್ಲ. ಬರದೇ ಇರೋದೇ ನ್ಯಾಯ ಅನ್ನೋರು."

ಅವರು ಚೀಲ ಎತ್ತಿಕೊಂಡು ಬಾಗಿಲವರೆಗೆ ಹೋಗಿ, ತಿರುಗಿದರು.

"ಮನೆಗೆ ಬಾ. ಊಟಕ್ಕೆ ಕರೀತಿಲ್ಲ. ಅವರ ಫೋಟೋ ಮುಂದೆ ನಿಂತ್ಕೊಂಡು ಹೇಳು. ಇರಬಹುದು ಅಂದಿದ್ದು ನೀನು. ಅಲ್ಲ ಅನ್ನೋದನ್ನೂ ನೀನೇ ಹೇಳು."

ಅಕ್ಕ ಮುಂದೆ, ತಮ್ಮ ನಾಲ್ಕು ಹೆಜ್ಜೆ ಹಿಂದೆ, ಇಬ್ಬರೂ ಹೋದರು. ನಾನು ಎರಡೂ ತುಂಡುಗಳಿಗೆ ಒದ್ದೆ ಸ್ಪಂಜು ಇಟ್ಟು, ಮುಚ್ಚಳ ಹಾಕಿ, ಟೇಪಿಗೆ ಕಿವಿ ಮಡಚಿ ಹದಿನೇಳನೇ ಗೂಡಿಗೆ ಸೇರಿಸಿದೆ. ಬೀಗವನ್ನು ಎಷ್ಟು ಸಲ ಎಳೆದು ನೋಡಿದೆನೋ ಲೆಕ್ಕವಿಲ್ಲ. ಅಜ್ಜ ಪಕ್ಕದಲ್ಲೇ ನಿಂತಿದ್ದರು. ಅವತ್ತು ಅವರು ತಮಾಷೆ ಮಾಡಲಿಲ್ಲ.