ಮುಟ್ಟದ ತಾಟು

“ತಿನ್ರಿ... ಸಂಕೋಚ ಮಾಡಬ್ಯಾಡ್ರಿ,” ಎಂದು ನಾಮದೇವ ಮತ್ತೊಮ್ಮೆ ಹೇಳಿದ.

ಮಧ್ಯಸ್ಥರ ಜೊತೆ ಹೆಣ್ಣು ನೋಡಲು ಬಂದಿದ್ದ ಸನಮಡಿಯ ಶುಭಮ ಅವಲಕ್ಕಿ ತಾಟನ್ನು ಮೆಲ್ಲಗೆ ಅತ್ತ ಸರಿಸಿದ. ಚಹಾ ಕೂಡ ಮುಟ್ಟಲಿಲ್ಲ!

ನಾಮದೇವನ ಮಗಳು ಪಂಚಶೀಲಾ ಬಾಗಿಲ ಮರೆಯಿಂದ ಅದನ್ನು ನೋಡಿದಳು. ಅವನು ಪುಣೆಯಲ್ಲಿ ರೇಸ್ ಕುದುರೆ ಓಡಿಸುವ ಜಾಕಿ ಎಂದಿದ್ದರು ಮಧ್ಯಸ್ಥರು. ಎಷ್ಟು ದಣಿದ ಕಣ್ಣು, ಆದರೂ ಎಷ್ಟು ಚೆಂದ... ಆ ಕಣ್ಣುಗಳೇ ತನ್ನನ್ನು ಬೇಡ ಅಂದವಲ್ಲ!

ಅವರ ಬಳಗದಲ್ಲಿ ಗಂಡು ತಾಟು ಮುಟ್ಟಲಿಲ್ಲವೆಂದರೆ ಹೆಣ್ಣು ಒಪ್ಪಿಗೆಯಿಲ್ಲ ಎಂದೇ ಅರ್ಥ. ಅವನು ಬಾಯಿಬಿಟ್ಟು ಹೇಳುವ ಮೊದಲೇ ನಾಮದೇವ ಮಧ್ಯಸ್ಥರ ಕೈಲಿ ಹೇಳಿ ಕಳಿಸಿದ, “ನಮಗೂ ಬ್ಯಾಡ.” ಮರ್ಯಾದೆ ಉಳಿಯಬೇಕಲ್ಲ!

ಆಮೇಲೆ ಪಂಚಶೀಲಾ ಜತ್ತದ ತಮ್ಮ ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಲೇ ಇದ್ದಳು. ತೋಳು ಸೋತವು, ಮನಸ್ಸೂ ಸೋತಿತು. ಈ ಸೋಮವಾರ ಕುಣಿಕೋಣೂರಿನಿಂದ ಇನ್ನೊಬ್ಬ ನೋಡಲು ಬರುವವನಿದ್ದ. ಮತ್ತೆ ಅದೇ ಸೀರೆ, ಅದೇ ಅವಲಕ್ಕಿ... ಸಾಕಾಗಿ ಹೋಗಿತ್ತು ಅವಳಿಗೆ.

ಶುಕ್ರವಾರ ಮಧ್ಯಾಹ್ನ ಗಿರಾಕಿಗಳು ಕರಗಿದ ಮೇಲೆ ಒಬ್ಬ ಬಂದು ಗೋಡೆಗೆ ಒರಗಿ ಕುಳಿತ. ಶುಭಮ! ಕೆನ್ನೆಗಳು ಇನ್ನಷ್ಟು ಒಳಗೆ ಹೋಗಿದ್ದವು.

“ಊಟ ಬೇಕೇನ್ರಿ? ಇಲ್ಲಾ, ಇಲ್ಲೂ ತಾಟು ಸರಸಾಕ ಬಂದೀರಿ?”

“ಬೈರಿ. ಬೈಸ್ಕೊಳ್ಳಾಕನ ಬಂದೀನಿ.” ನಗಲೂ ಅವನಲ್ಲಿ ತ್ರಾಣವಿರಲಿಲ್ಲ. “ಆವತ್ತಿನ ಮರುದಿನ ರೇಸ್ ಇತ್ರಿ. ಓಡಸೂಕಿಂತ ಮೊದ್ಲ ನಮ್ಮನ್ನ ಕುದರಿ ಬೆನ್ನಿನ ಜೀನ ಸಮೇತ ತೂಗ್ತಾರ. ತೂಕ ಹೆಚ್ಚಾತಂದ್ರ ಕುದರಿ ಮತ್ತೊಬ್ಬಗ ಹೋಗ್ತದ. ಅದಕ ಹಿಂದಿನ ದಿನ ಉಪಾಸ, ನೀರೂ ಬಾಯಿ ತೋಯಿಸಾಕಷ್ಟ...”

“ಅಷ್ಟ ಹೇಳಾಕ ಬಾಯಿಗೇನಾಗಿತ್ರಿ?”

“ಹಸದ ಹೊಟ್ಟಿಯವಗ ಯಾರ ಹೆಣ್ಣ ಕೊಡ್ತಾರ್ರಿ? ನಾಚಿಕಿ ಬಂತು.” ಅವನು ತಲೆ ತಗ್ಗಿಸಿದ. “ಸಣ್ಣಾಂವಿದ್ದಾಗ ಪುಣೆಕ್ಕ ಹೋದವ ನಾ. ತಾಟಿನ ರೀತಿ ನನಗೇನ ಗೊತ್ತು? ನೀವ ಒಲ್ಲೆ ಅಂದ್ರಿ ಅಂತ ತಿಳಕೊಂಡಿದ್ದೆ. ನಿನ್ನೆ ಮಧ್ಯಸ್ಥರು ಅವ್ವಗ ಖರೇ ಕಾರಣ ಹೇಳ್ಯಾರ... ಸೋಮವಾರದ ಸುದ್ದಿನೂ. ಕೇಳಿದ ಕೂಡ್ಲೇ ಬಸ್ ಹತ್ತಿದೆ.”

ಪಂಚಶೀಲಾ ಅವನ ಒಳಗೆ ಹೋದ ಕೆನ್ನೆಗಳನ್ನೇ ನೋಡಿದಳು. ಅಯ್ಯ, ಇಷ್ಟು ದಿನ ತಾನು ಶಪಿಸಿದ್ದು ಒಂದು ಖಾಲಿ ಹೊಟ್ಟೆಯನ್ನೇ?

“ಮತ್ತ ರೇಸ್ ಅದನ್ರಿ?”

“ನಾಡದು ಐತವಾರ ಅದರಿ. ಮೈ ಭಾಳ ದಣದದ. ಆದ್ರ ಕುದರಿ ಮ್ಯಾಲ ಕುಂತಾಗ ಮಾತ್ರ ದಣಿವ ಗೊತ್ತಾಗೂದಿಲ್ಲ. ಅದನ್ನ ಬಿಡು ಅನ್ನಬ್ಯಾಡ್ರಿ... ನಿಮ್ಮನ್ನೂ ಬಿಡಾಕ ಮನಸ್ಸಿಲ್ಲ ನನಗ.”

ಅವಳು ಒಳಗೆ ಹೋದಳು. ಅವಲಕ್ಕಿ ಒಗ್ಗರಣೆ ಹಾಕಿ ತಂದು ಅವನ ಮುಂದಿಟ್ಟಳು. ಅವನು ತಾಟನ್ನೇ ನೋಡಿದ. ಉಗುಳು ನುಂಗಿದ.

ಅವಳ ಕಣ್ಣು ತುಂಬಿ ಬಂತು. ತಾಟನ್ನು ತಾನೇ ಹಿಂದಕ್ಕೆಳೆದಳು.

“ಬ್ಯಾಡ್ರಿ! ನನ್ನ ಸಲುವಾಗಿ ಕುದರಿ ಕಳ್ಕೋಬ್ಯಾಡ್ರಿ.”

ಶುಭಮ ತಾಟಿನ ಅಂಚು ಹಿಡಿದ. ಒಂದೇ ಒಂದು ಅವಲಕ್ಕಿ ಕಾಳು ಎತ್ತಿ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ.

“ಈಗ ಮುಟ್ಟೀನಲ್ರಿ? ನಿಮ್ಮಪ್ಪಗ ಹೇಳ್ರಿ... ಕುಣಿಕೋಣೂರವ್ರಿಗೂ.”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

“ಗೆದ್ದು ಬರ್ರಿ ಅನ್ನಾಂಗಿಲ್ಲ ನಾ.”

“ಮತ್ತ?”

“ಹಸದು ಬರ್ರಿ. ಸೋಮವಾರ ಬಿಸಿ ರೊಟ್ಟಿ ಬಡದಿರ್ತೀನಿ.”