ಹೇಮಾಶ್ರೀ ದನಿಯ ಮಿಷನ್ನು

ಇದು ನಡೆದದ್ದು, ಆಣೆಗೂ. ಇದರಲ್ಲಿ ರಾಗಿಕಾಳಿನಷ್ಟು ಸುಳ್ಳಿದ್ದರೂ ನಾಳೆಯಿಂದ ನನ್ನ ಕಾಫಿಗೆ ಸಕ್ಕರೆ ಬೀಳದಿರಲಿ.

"ಸ್ವಲ್ಪ ಏಳ್ತೀರಾ ಮೇಡಂ? ನಿಮ್ಮ ಜಾಗದಲ್ಲಿ ಇದನ್ನ ಇಡ್ಬೇಕು."

ಬೇಲೂರಿನ ಕೆಂಚಮ್ಮ ಹೋಟೆಲಿನ ಗಲ್ಲಾದ ಮುಂದೆ, ಎದೆಗೆ ದೊಡ್ಡ ಕಂಪ್ಯೂಟರ್ ಪೆಟ್ಟಿಗೆ ಅವುಚಿಕೊಂಡು ನಿಂತಿದ್ದ ತಿಮ್ಮೇಶ್ ಆಡಿದ ಮೊದಲ ಮಾತು ಅದು.

ಹೇಮಾಶ್ರೀ ಅವನನ್ನು ಮೇಲಿಂದ ಕೆಳಗೆ ನೋಡಿದಳು. ಕಣ್ಣು ಚೆನ್ನಾಗಿವೆ... ಮಾತು ಮಾತ್ರ ಹಾಳು.

"ನನ್ ಜಾಗದಲ್ಲಾ? ಹಂಗಾದ್ರೆ ನಾನೆಲ್ಲಿ ಕೂರ್ಲಿ, ಒಲೆ ಮ್ಯಾಲಾ?"

ಆಗ ಎರಡು ಸಾವಿರದ ಮೂರನೇ ಇಸವಿ. ಅವಳಪ್ಪ ಧರ್ಮಪ್ಪನವರಿಗೆ ಅರಸೀಕೆರೆ, ಹಳೇಬೀಡು, ಬೇಲೂರು ಮೂರೂ ಕಡೆ ಹೋಟೆಲು. ಬೇಲೂರಿನ ಗಲ್ಲಾ ಮಗಳದು. ಗಿರಾಕಿ ಹೇಳಿದ್ದನ್ನು ಅವಳು ಒಳಗೆ ಕೂಗಬೇಕು, ಒಲೆಯ ಮುಂದಿನ ಗಿಡ್ಡಯ್ಯ ಕೇಳಿಸಿಕೊಂಡು ಹುಯ್ಯಬೇಕು. ಅವಳು "ಮಸಾಲೆ ಒಂದೂ..." ಎಂದರೆ ದೇವಸ್ಥಾನದ ಮುಂದೆ ಫೋಟೋ ತೆಗೆಯುತ್ತಿದ್ದವರಿಗೂ ಹಸಿವಾಗುತ್ತಿತ್ತು.

ಗಂಡಸಿ ಊರಿನ ತಿಮ್ಮೇಶ್ ಅರಸೀಕೆರೆಯ ಸೈಕಲ್ ಶಾಪಿನ ಮೇಲೊಂದು ರೂಮು ಹಿಡಿದು, ಹೋಟೆಲುಗಳಿಗೆ ಬಿಲ್ಲಿಂಗ್ ಮಿಷನ್ನು ಮಾಡುವ ಕಂಪನಿ ತೆರೆದಿದ್ದ. ಗಲ್ಲಾದಲ್ಲಿ ಗುಂಡಿ ಒತ್ತಿದರೆ ಅಡುಗೆಮನೆಯಲ್ಲಿ ಚೀಟಿ ಬರುತ್ತದೆ, ಅಷ್ಟೇ. ಧರ್ಮಪ್ಪನವರು ಕೊಂಡರೆ ಅವನ ಕಂಪನಿಗೆ ಅದೇ ಮೊದಲ ವ್ಯಾಪಾರ.

"ಭಾನುವಾರ ನೋಡಿ ಸಾರ್, ಯಾರೂ ಬಾಯೇ ಬಿಡೋದ್ ಬ್ಯಾಡ" ಎಂದ ತಿಮ್ಮೇಶ್ ಧರ್ಮಪ್ಪನವರಿಗೆ, ಎದೆಯುಬ್ಬಿಸಿ.

ಧರ್ಮಪ್ಪನವರು ಮಗಳ ಕಡೆ ತಿರುಗಿದರು. "ಕೇಳ್ದೇನಮ್ಮ? ಇನ್ನು ನೀನ್ಯಾಕೆ ಗಲ್ಲಾದಾಗೆ ಕೂರ್ಬೇಕು? ಜಾವಗಲ್‌ನೋರು ಹೆಣ್ಣು ಕೇಳ್ತಾವ್ರೆ. ಮದುವೆ ಮಾಡ್ಕಂಡು ಆರಾಮಾಗಿರು."

ಹೇಮಾಶ್ರೀ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಳು. ಆ ಕುರ್ಚಿ ಅವಳ ರಾಜ್ಯ. ಅದನ್ನು ಕಿತ್ತುಕೊಳ್ಳಲು ಬಂದವನು ಎದುರಿಗೇ ನಿಂತು ನಗುತ್ತಿದ್ದಾನೆ... ನಗು, ನಗು. ಭಾನುವಾರ ಬರಲಿ.

ಭಾನುವಾರ ಬಂತು. ಹೋಟೆಲು ತುಂಬಿ ತುಳುಕಿತು. ಅಡುಗೆಮನೆಯಲ್ಲಿ ಚೀಟಿಯ ಮೇಲೆ ಚೀಟಿ ಬಂತು. ಗಿಡ್ಡಯ್ಯ ಮಾತ್ರ ಕೈಕಟ್ಟಿಕೊಂಡು ಕೂತೇ ಇದ್ದ.

ತಿಮ್ಮೇಶ್ ಒಳಗೆ ಓಡಿದ. "ಯಾಕ್ ಗಿಡ್ಡಯ್ಯನೋರೆ, ಆರ್ಡರ್ ಬಂದೈತಲ್ಲ?"

"ಎಲ್ಲಿ ಬಂದೈತೆ? ನಂಗೇನೂ ಕೇಳ್ಸಿಲ್ಲ."

"ಚೀಟಿ ಓದ್ಕಳಿ."

"ಓದೋಕ್ ಬಂದಿದ್ರೆ ಈ ಒಲೆ ಹೊಗೆ ಯಾಕಪ್ಪ ಕುಡೀತಿದ್ದೆ? ನನ್ ಕೈ ಕಿವಿ ಮಾತು ಕೇಳ್ತದೆ. ಕಣ್ಣಿನ ಮಾತು ಕೇಳಲ್ಲ."

ಹೊರಗೆ ಗಿರಾಕಿಗಳು ಮೇಜು ಬಡಿದರು. ಹೇಮಾಶ್ರೀ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಇನ್ನೊಂದು ಗಳಿಗೆ ಸುಮ್ಮನಿದ್ದರೆ ಸಾಕು, ಪೆಟ್ಟಿಗೆ ಬಂದ ದಾರಿ ಹಿಡಿಯುತ್ತದೆ.

ಆದರೆ ಆ ಹುಡುಗ ಓಡಿಹೋಗಲಿಲ್ಲ. ಪ್ಯಾಂಟು ಮಡಚಿ, ಬಿಸಿ ಇಡ್ಲಿಗೆ ತಾನೇ ಕೈಹಾಕಿ, ಬೆರಳು ಸುಟ್ಟುಕೊಂಡು, "ಬಂತು ಸಾರ್, ಬಂತು" ಎನ್ನುತ್ತಲೇ ಇದ್ದ.

ಛೆ... ಇವನಿಗೆ ಸೋಲೋದೂ ಬರಲ್ಲ.

ಅವಳು ಚೀಟಿಗಳನ್ನು ಬಾಚಿಕೊಂಡು ಕೂಗಿದಳು. "ಇಡ್ಲಿ ನಾಕೂ... ಮಸಾಲೆ ಎರಡೂ..."

ಗಿಡ್ಡಯ್ಯನ ಕೈಗೆ ಜೀವ ಬಂತು. ಕಾವಲಿಯೂ ನಿಟ್ಟುಸಿರು ಬಿಟ್ಟಿತು.

ಸಂಜೆ ತಿಮ್ಮೇಶ್ ಬಂದು ನಿಂತ. "ನಿಮ್ ದನಿ ನನ್ ಮಿಷನ್‌ಗೆ ಬೇಕು. ಗುಂಡಿ ಒತ್ತಿದ್ರೆ ಚೀಟಿ ಬದ್ಲು ನಿಮ್ ದನೀಲೇ ಅದು ಒಳಗೆ ಕೂಗ್ಬೇಕು."

ಮಾರನೆಯ ದಿನದಿಂದ ಮಧ್ಯಾಹ್ನ, ಜನ ಕಮ್ಮಿಯಾದಾಗ, ಹಿಟ್ಟಿನ ಮೂಟೆಗಳ ರೂಮಿನಲ್ಲಿ ರೆಕಾರ್ಡಿಂಗು.

"ಇನ್ನೊಂದ್ ಸಲ ಕೇಸರಿಬಾತ್ ಅನ್ನಿ."

"ಸರಿಯಾಗೇ ಅಂದ್ನಲ್ಲ?"

"ಸರಿಯಾಗೇ ಅಂದ್ರಿ. ಅದಕ್ಕೇ ಇನ್ನೊಂದ್ ಸಲ."

ಅವಳಿಗೆ ಕೆನ್ನೆ ಬಿಸಿಯಾಯಿತು. ಕುರ್ಚಿ, ಜಾವಗಲ್ಲು ಎಲ್ಲ ಮರೆತೇ ಹೋಯಿತು. ಆದರೆ ಒಂದು ದಿನ ಅವನು ಇದ್ದಕ್ಕಿದ್ದಂತೆ "ಸಾಕು" ಎಂದು ವೈರು ಸುತ್ತಿಕೊಂಡು ಹೊರಟುಬಿಟ್ಟ.

ಮಿಷನ್ನು ಮೂರೂ ಹೋಟೆಲಲ್ಲಿ ಒಟ್ಟಿಗೆ ಕೂಗಿದ ದಿನ, ಹಳೇಬೀಡಿನಾಚೆ ಹುಲಿಕೆರೆಯ ಕಲ್ಯಾಣಿ ಮೆಟ್ಟಿಲ ಮೇಲೆ ಮಲಗಿದ್ದವರು ಎದ್ದು ಊಟಕ್ಕೆ ಕೈ ತೊಳೆದರಂತೆ. ಧರ್ಮಪ್ಪನವರು ಹಿಗ್ಗಿಹೋದರು.

"ಇನ್ನು ಜಾವಗಲ್‌ನೋರು ಬರ್ಲಿ ಅಂತ ಹೇಳ್ಬಿಡ್ತೀನಿ."

ಹೇಮಾಶ್ರೀ ನೆಟ್ಟಗೆ ತಿಮ್ಮೇಶನ ಮುಂದೆ ಹೋಗಿ ನಿಂತಳು. ಕಣ್ಣು ತುಂಬಿತ್ತು.

"ದನಿ ಇಟ್ಕಂಡು ನನ್ನ ಆಚೆಗ್ ಹಾಕಿದ್ರಿ ಅಲ್ವಾ? ಇಷ್ಟಕ್ಕೇನಾ ಇನ್ನೊಂದ್ ಸಲ, ಇನ್ನೊಂದ್ ಸಲ ಅಂತಿದ್ದಿದ್ದು?"

"ಗಿರಾಕಿ ಬರ್ಲಿ ಇರಿ. ಆಮೇಲೆ ಬೈಯ್ರಿ" ಎಂದ, ಒಂಚೂರೂ ಅಳುಕದೆ.

ಇಬ್ಬರು ಬಸ್ ಡ್ರೈವರುಗಳು ಬಂದು ಕೂತರು. "ಒಂದು ಬೈಟೂ ಕಾಫಿ."

ನಮ್ಮ ಕಡೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಾಕಿಸಿ, ಹಂಚಿಕೊಂಡು ಕುಡಿಯುವುದೇ ಮರ್ಯಾದೆ. ಹೋಟೆಲಿನ ಅರ್ಧ ವ್ಯಾಪಾರವೇ ಬೈಟೂ.

ಧರ್ಮಪ್ಪನವರು ಗುಂಡಿ ಒತ್ತಿದರು. ಮಿಷನ್ನು ಮೂಕ. ಮತ್ತೆ ಒತ್ತಿದರು. ಉಸಿರಿಲ್ಲ. ಅಷ್ಟರಲ್ಲಿ ಗಲ್ಲಾದ ಫೋನಿಗೆ ಅರಸೀಕೆರೆಯಿಂದ ಕರೆ, ಹಿಂದೆಯೇ ಧರ್ಮಪ್ಪನವರ ಮೊಬೈಲಿಗೆ ಹಳೇಬೀಡಿನಿಂದ. ಅಲ್ಲೂ ಅದೇ ದೂರು.

"ಏನಯ್ಯಾ ಇದು, ಬೈಟೂ ಅಂದ್ರೆ ಬಾಯಿ ಕಟ್ತದೆ?"

"ಅದೊಂದನ್ನ ತುಂಬಿಸಿಲ್ಲ ಸಾರ್. ಬೇಕಂತಲೇ."

"ಯಾಕೆ?"

"ಅದನ್ನೂ ತುಂಬಿಸಿದ್ರೆ ಅವ್ರನ್ನ ಆ ಕುರ್ಚಿಯಿಂದ ಎಬ್ಬಿಸ್ತೀರಲ್ಲ. ಬೈಟೂ ಕುಡಿಯೋರು ಇರೋಗಂಟ ಅವ್ರು ಅಲ್ಲೇ ಇರ್ಬೇಕು."

"ತುಂಬಿಸ್ದಿದ್ರೆ ಮಿಷನ್ನು ವಾಪಸ್ ತಗಂಡೋಗು."

"ತಗಂಡೋಗ್ತೀನಿ ಸಾರ್. ಅವ್ರಿಲ್ದಿರೋ ಗಲ್ಲಾಕ್ಕೆ ನನ್ ಮಿಷನ್ನೂ ಬ್ಯಾಡ."

ಹೇಳಿದವನೇ ಬಗ್ಗಿ ವೈರು ಕೀಳತೊಡಗಿದ. ಮೊದಲ ವ್ಯಾಪಾರ, ಕಂಪನಿ, ಎಲ್ಲ ಆ ವೈರಿನ ತುದಿಯಲ್ಲಿತ್ತು.

ಹೇಮಾಶ್ರೀ ಕಣ್ಣೊರೆಸಿಕೊಂಡಳು. ಗಲ್ಲಾ ಕುರ್ಚಿಯಲ್ಲಿ ಕೂತಳು. ಎದೆ ತುಂಬ ಉಸಿರೆಳೆದಳು.

"ಬೈಟೂ ಒಂದೂ..."

ಗೋಡೆಯ ಸುಣ್ಣ ಉದುರಿತು. ಒಳಗಿಂದ ಕಾಫಿ ಬಂತು. ಅವಳು ಎರಡೂ ಫೋನು ಎತ್ತಿಕೊಂಡು ಅವುಗಳಲ್ಲೂ ಕೂಗಿದಳು. ಅಲ್ಲೂ ಕಾಫಿ ಬಂತು.

ಧರ್ಮಪ್ಪನವರು ಮಗಳನ್ನು ನೋಡಿದರು, ವೈರು ಹಿಡಿದ ಹುಡುಗನನ್ನು ನೋಡಿದರು, ತಲೆ ಕೆರೆದುಕೊಂಡರು.

"ಹಂಗಾದ್ರೆ ಜಾವಗಲ್‌ನೋರಿಗೆ ಏನ್ ಹೇಳ್ಲಿ?"

"ಹುಡುಗಿಗೆ ಗಲ್ಲಾ ಬಿಟ್ಟು ಬರಕ್ಕೆ ಪುರುಸೊತ್ತಿಲ್ಲ ಅನ್ನಿ ಧಣಿ" ಎಂದ ಗಿಡ್ಡಯ್ಯ ಒಳಗಿನಿಂದಲೇ.

ಧರ್ಮಪ್ಪನವರು ನಕ್ಕರು. "ಆ ವೈರು ಸಿಗ್ಸಯ್ಯಾ ಮೊದ್ಲು" ಎಂದು ಹೊರಗೆ ಹೋದರು.

ಹೇಮಾಶ್ರೀ ಮತ್ತೆ ಕೂಗಿದಳು, ಈ ಸಲ ಮೆಲ್ಲಗೆ. "ಬೈಟೂ ಒಂದು."

"ಇದ್ಯಾರಿಗೆ?" ಎಂದ ತಿಮ್ಮೇಶ್.

"ಅರ್ಧ ನಂಗೆ."

"ಇನ್ನರ್ಧ?"

"ಮೊದ್ಲ ದಿನ ಏಳ್ತೀರಾ ಅಂದೋರಿಗೆ."

ಅವನು ಕುರ್ಚಿಯ ಪಕ್ಕಕ್ಕೆ ಬಂದ. "ಹಂಗಾದ್ರೆ... ಸ್ವಲ್ಪ ಜರುಗ್ತೀರಾ?"

"ಜರುಗ್ತೀನಿ. ಏಳಲ್ಲ."

ಕಥೆ ಕೇಳಿದ್ದು ನೀವು, ಗಂಟಲು ಒಣಗಿದ್ದು ನನ್ನದು. ಸುಮ್ಮನೆ ಕೂತರೆ ಹೇಗೆ, ಒಂದು ಬೈಟೂ ಕೂಗಿ. ಬಿಲ್ಲು ನಿಮ್ಮದು, ದೊಡ್ಡ ಲೋಟ ನನ್ನದು.